ಎಂಜಿನ್ ಇಳಿಸಿದರೆ ಎಷ್ಟಾದೀತು?

2023ರ ಅಕ್ಟೋಬರ್ ಕೊನೆಯಲ್ಲಿ ಮುಂಬೈಯ ರಸ್ತೆಗಳಿಂದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಮರೆಯಾಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್‌ದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಮುಂಬೈಯಲ್ಲಿ ಟ್ಯಾಕ್ಸಿಗೆ 20 ವರ್ಷದ ಆಯುಷ್ಯ. ಲೆಕ್ಕ ಅಲ್ಲಿಗೆ ಸರಿಹೋಯಿತು. ಆ ವಾರ ಪತ್ರಿಕೆಗಳ ತುಂಬ ಹಳದಿ ಛಾವಣಿಯ ಫೋಟೋಗಳು, ಹಳೆಯ ಹಿಂದಿ ಸಿನಿಮಾಗಳ ನೆನಪುಗಳು. ಆದರೆ ಅದೇ ವಾರ ಇನ್ನೊಂದು ವರ್ಗದವರ ಪಾಲಿಗೂ ಒಂದು ಬಾಗಿಲು ಮುಚ್ಚಿತ್ತು. ಅಪ್ಪನದೋ ಮಾವನದೋ ಪದ್ಮಿನಿಯನ್ನು ಮನೆ ಮುಂದೆ ಹೊದಿಕೆ ಹೊದಿಸಿ ನಿಲ್ಲಿಸಿಕೊಂಡವರು, ಭಾನುವಾರ ಬೆಳಿಗ್ಗೆ ಒಂದು ಸುತ್ತು ಹೊಡೆದು ಬರುವವರು ಅವರು. ಆ ಕಾರು ಹೊಗೆ ಕಾರಲು ಶುರುವಿಟ್ಟರೆ, ಆಯಿಲ್ ಕುಡಿಯತೊಡಗಿದರೆ ಅವರು ಗ್ಯಾರೇಜಿನಲ್ಲಿ ಕೇಳುವ ಮೊದಲ ಪ್ರಶ್ನೆ ಒಂದೇ: ಎಂಜಿನ್ ಇಳಿಸಿದರೆ ಎಷ್ಟಾದೀತು?

ಒಂದು ಕಾಲಕ್ಕೆ ಮೇಸ್ತ್ರಿ ಕಾರಿನ ಬಾನೆಟ್ ಕೂಡ ಎತ್ತದೆ ಇದಕ್ಕೆ ಉತ್ತರ ಹೇಳುತ್ತಿದ್ದ. ಈಗ ಅವನೂ ಯೋಚಿಸುತ್ತಾನೆ. ಕಬ್ಬಿಣದ ಬೆಲೆ, ಕೂಲಿ ಎರಡೂ ಏರಿವೆ, ನಿಜ. ಅಷ್ಟರಿಂದಲೇ ಈ ಯೋಚನೆ ಹುಟ್ಟಿದ್ದಲ್ಲ. ಹಳೆಯ ಕಾರಿನ ಎಂಜಿನ್ ಕಟ್ಟುವ ಖರ್ಚನ್ನು ಇಷ್ಟು ವರ್ಷ ಕೈಗೆಟುಕುವಂತೆ ಇಟ್ಟಿದ್ದವರು ಯಾರು, ಅವರು ಹೋದ ಮೇಲೆ ಏನಾಯಿತು ಎಂದು ನೋಡಿದರೆ ಭಾರತದ ಕಾರುಗಳ ಚರಿತ್ರೆಯ ಒಂದು ಮಗ್ಗುಲು ತೆರೆದುಕೊಳ್ಳುತ್ತದೆ.

ಬಿಲ್ಲಿನಲ್ಲಿ ಏನಿರುತ್ತದೆ

ಭಾರತದ ಗ್ಯಾರೇಜುಗಳಲ್ಲಿ ಎರಡು ಮಾತುಗಳಿವೆ: ಹಾಫ್ ಎಂಜಿನ್, ಫುಲ್ ಎಂಜಿನ್. ಪಿಸ್ಟನ್ ರಿಂಗ್ ಬದಲಿಸಿ, ಹೆಡ್ ಬಿಚ್ಚಿ, ವಾಲ್ವ್ ಉಜ್ಜಿ ಕೂರಿಸಿದರೆ ಅರ್ಧ ಕೆಲಸ. ಎಂಜಿನ್ನನ್ನು ಕಾರಿನಿಂದ ಎತ್ತಿ ನೆಲಕ್ಕಿಳಿಸಿ, ಕ್ರ್ಯಾಂಕ್ ಶಾಫ್ಟ್‌ವರೆಗೂ ಬಿಚ್ಚಿದರೆ ಪೂರ್ತಿ ಕೆಲಸ. ‘ಎಂಜಿನ್ ಇಳಿಸುವುದು’ ಎಂಬ ಮಾತು ಬಂದದ್ದು ಹೀಗೆ.

ಪೂರ್ತಿ ಕೆಲಸದ ತಿರುಳು ಸವೆತವನ್ನು ಅಳೆಯುವುದರಲ್ಲಿದೆ. ಪದ್ಮಿನಿಯ ಎಂಜಿನ್ 1089 ಸಿಸಿಯದು; ನಾಲ್ಕು ಸಿಲಿಂಡರ್, ಪ್ರತಿಯೊಂದರ ವ್ಯಾಸ 68 ಮಿಲಿಮೀಟರ್. ಪಿಸ್ಟನ್ ಲಕ್ಷಾಂತರ ಸಲ ಮೇಲೆ ಕೆಳಗೆ ಓಡಾಡಿ ಈ ದುಂಡನೆಯ ರಂಧ್ರ ಸ್ವಲ್ಪ ಅಂಡಾಕಾರಕ್ಕೆ ತಿರುಗುತ್ತದೆ, ಮೇಲ್ಭಾಗದಲ್ಲಿ ಹೆಚ್ಚು ಸವೆಯುತ್ತದೆ. ಆಗ ಬ್ಲಾಕನ್ನು ಲೇತ್ ಅಂಗಡಿಗೆ ಒಯ್ದು ಬೋರ್ ಮಾಡಿಸಬೇಕು. ಎಂದರೆ ಸಿಲಿಂಡರನ್ನು ಮಿಲಿಮೀಟರಿನ ಹತ್ತನೇ ಭಾಗಗಳ ಲೆಕ್ಕದಲ್ಲಿ ಹಿಗ್ಗಿಸಿ ಮತ್ತೆ ದುಂಡಗೆ ಮಾಡಿ, ಆ ಹೊಸ ಅಳತೆಗೆ ಸರಿಯಾದ ದೊಡ್ಡ ಪಿಸ್ಟನ್ ಹಾಕಬೇಕು. ಮುಂದಿನ ಸಲ ಇನ್ನೊಂದು ಮೆಟ್ಟಿಲು ದೊಡ್ಡದು. ಹಿಗ್ಗಿಸಲು ಜಾಗ ಉಳಿಯದಿದ್ದರೆ ಸಿಲಿಂಡರಿನೊಳಗೆ ಕಬ್ಬಿಣದ ಹೊಸ ತೋಳು ಕೂರಿಸಿ ಮೂಲ ಅಳತೆಗೇ ಮರಳಬಹುದು. ಇದಕ್ಕೆ ಸ್ಲೀವ್ ಅಥವಾ ಲೈನರ್ ಎಂದು ಹೆಸರು. ಕ್ರ್ಯಾಂಕ್ ಶಾಫ್ಟಿನದು ಇದರ ತಿರುಗುಮುರುಗು. ಅದನ್ನು ತೆಳ್ಳಗೆ ಉಜ್ಜಿ, ಅಷ್ಟೇ ದಪ್ಪಗಿನ ಬೇರಿಂಗ್ ಹಾಕಬೇಕು. ಅಂಬಾಸಿಡರ್‌ನಂಥ ಇಂಗ್ಲಿಷ್ ಮೂಲದ ಎಂಜಿನ್ ಆದರೆ ಅಳತೆ ಇಂಚಿನ ಸಾವಿರದ ಭಾಗದಲ್ಲಿ; ಗ್ಯಾರೇಜಿನ ಬಾಯಲ್ಲಿ ಅದು ‘ಥೌ’. ಹತ್ತು ಥೌ, ಇಪ್ಪತ್ತು ಥೌ, ಮೂವತ್ತು ಥೌ. ಇಂಚಿನಲ್ಲಿ ಬೇರೆ ಯಾವುದನ್ನೂ ಅಳೆಯದ ಹುಡುಗರೂ ಈ ಮಾತನ್ನು ಸಲೀಸಾಗಿ ಆಡುತ್ತಾರೆ.

ಹೀಗೆ ನೋಡಿದರೆ ಬಿಲ್ಲಿನಲ್ಲಿ ನಾಲ್ಕು ಬಾಬತ್ತುಗಳು: ಬಿಡಿಭಾಗ, ಲೇತ್ ಕೆಲಸ, ಬಿಚ್ಚಿ ಕಟ್ಟುವ ಕೂಲಿ, ಮತ್ತು ಬಿಚ್ಚಿದ ಮೇಲೆ ಕಾಣುವ ಅನಿರೀಕ್ಷಿತ. ಹೆಡ್ಡಿನಲ್ಲೊಂದು ಸೀಳು, ಹಿಂದೆ ಯಾರೋ ಅಂದಾಜಿನಲ್ಲಿ ಉಜ್ಜಿದ ಕ್ರ್ಯಾಂಕ್. ಈ ನಾಲ್ಕನೆಯ ಬಾಬತ್ತಿಗೆ ಚೌಕಾಸಿ ಮಾಡುವಂತಿಲ್ಲ. ಎಂಜಿನ್ ತುಂಡು ತುಂಡಾಗಿ ಬೆಂಚಿನ ಮೇಲಿರುವಾಗ ಬೇರೆ ಗ್ಯಾರೇಜಿಗೆ ಹೋಗುತ್ತೇನೆ ಎನ್ನುವುದು ಹೇಗೆ?

ಬಿಚ್ಚಲೆಂದೇ ಮಾಡಿದ ಎಂಜಿನ್ನು

ಮೆಟ್ಟಿಲು ಮೆಟ್ಟಿಲಾಗಿ ದೊಡ್ಡ ಪಿಸ್ಟನ್‌ಗಳು ಸಿಗುತ್ತಿದ್ದುದಕ್ಕೆ ಕಾರಣವಿದೆ. ಎಂಜಿನ್ ಸವೆಯುತ್ತದೆ, ಅದನ್ನು ಮತ್ತೆ ಮತ್ತೆ ಕಟ್ಟಬೇಕಾಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಅಂದಿನ ಕಂಪನಿಗಳು ವಿನ್ಯಾಸ ಮಾಡುತ್ತಿದ್ದವು. ಅದಕ್ಕೂ ಹಿಂದೆ ಪರಿಸ್ಥಿತಿ ಕಠಿಣವಾಗಿತ್ತು. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಬೇರಿಂಗ್ ಬಿಡಿಭಾಗವಾಗಿ ಸಿಗುವ ವಸ್ತುವಾಗಿರಲಿಲ್ಲ. ತವರ, ಆಂಟಿಮನಿ, ತಾಮ್ರ ಬೆರೆತ ಬ್ಯಾಬಿಟ್ ಎಂಬ ಮೆದು ಲೋಹವನ್ನು ಕರಗಿಸಿ ನೇರ ಬ್ಲಾಕಿಗೇ ಸುರಿದು, ಆರಿದ ಮೇಲೆ ಕ್ರ್ಯಾಂಕಿಗೆ ಹೊಂದುವಂತೆ ಕೆರೆಯಬೇಕಿತ್ತು. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟ್ ಪಡೆದ ವಿಧಾನದ ಮುಂದುವರಿಕೆ ಅದು. ಮಾಡೆಲ್ ಟಿ ಓಡಾಡುತ್ತಿದ್ದ ಕಾಲದಲ್ಲಿ ಈ ಕೆಲಸ ಬಲ್ಲವರು ಊರೂರಲ್ಲಿದ್ದರು. ಇಂದು ಅಮೆರಿಕದಲ್ಲೂ ಅಂಥವರನ್ನು ಹುಡುಕಿಕೊಂಡು ಹೋಗಬೇಕು. ಅಗ್ಗದ ಕಾರು ಎಂದೇ ಹೆಸರಾದದ್ದರ ಎಂಜಿನ್ ಕಟ್ಟಿಸುವುದು ಈಗ ದುಬಾರಿ ಕೆಲಸ. ಪದ್ಮಿನಿಗೆ ಬರಲಿರುವ ದಿನ ಅದಕ್ಕೆ ಆಗಲೇ ಬಂದಾಗಿದೆ.

1930ರ ದಶಕದಿಂದೀಚೆಗೆ ತೆಳು ಉಕ್ಕಿನ ಬೆನ್ನುಳ್ಳ ಸಿದ್ಧ ಬೇರಿಂಗ್‌ಗಳು ಹರಡಿದವು. ಲೋಹ ಸುರಿಯುವ ಕುಶಲತೆ ಇಲ್ಲದಿದ್ದರೂ, ಸರಿಯಾದ ಅಳತೆಯ ಬೇರಿಂಗ್ ಪೆಟ್ಟಿಗೆಯಿಂದ ತೆಗೆದು ಕೂರಿಸಿದರಾಯಿತು. ಅಂಬಾಸಿಡರ್‌ನ 1489 ಸಿಸಿ ಎಂಜಿನ್, ಫಿಯಟ್‌ನ 1089 ಸಿಸಿ ಎಂಜಿನ್ ಎರಡೂ ಈ ತಲೆಮಾರಿನವು. ಮೂರೇ ಮುಖ್ಯ ಬೇರಿಂಗ್, ಬೀಡು ಕಬ್ಬಿಣದ ಗಟ್ಟಿ ಬ್ಲಾಕು, ಕಣ್ಣಿಗೆ ಕಾಣುವ ಬೋಲ್ಟು. ಸಾಧಾರಣ ಗ್ಯಾರೇಜಿಗೆ ಹೇಳಿ ಮಾಡಿಸಿದಂತಿದ್ದವು.

ಹೊಸ ಕಾರು ಸಿಗದ ದೇಶ

ಇಂಥ ಎಂಜಿನ್ನುಗಳು ಬಂದ ದೇಶದಲ್ಲಿ ಕಾರು ಕೊಳ್ಳುವುದೇ ಒಂದು ಸಾಹಸವಾಗಿತ್ತು. ಭಾರತದಲ್ಲಿ ಕಾರು ತಯಾರಿಸುವ ಯೋಚನೆಗೆ ಕನ್ನಡ ನಾಡಿನ ನಂಟೂ ಇದೆ. 1930ರ ದಶಕದ ನಡುವಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕ ಸುತ್ತಿ ಬಂದು ಮೋಟಾರು ಕಾರ್ಖಾನೆಗೆ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರ ಬೆನ್ನಿಗೆ ನಿಂತರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಅದನ್ನು ನೆಲೆಗೊಳಿಸುವ ಪ್ರಯತ್ನವೂ ಕೈಗೂಡಲಿಲ್ಲ. ಬೆಂಗಳೂರಿಗೆ 1940ರಲ್ಲಿ ವಾಲ್‌ಚಂದರಿಂದ ಬಂದದ್ದು ವಿಮಾನ ಕಾರ್ಖಾನೆ, ಇಂದಿನ ಎಚ್‌ಎಎಲ್. ಕಾರಿನ ಕಂಪನಿ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬೈಯಲ್ಲಿ ಹುಟ್ಟಿತು, ಕುರ್ಲಾದಲ್ಲಿ ಬೆಳೆಯಿತು. ಅದಕ್ಕೆ ಎರಡು ವರ್ಷ ಮೊದಲು, 1942ರಲ್ಲಿ, ಬಿರ್ಲಾ ಕುಟುಂಬದ ಹಿಂದೂಸ್ತಾನ್ ಮೋಟರ್ಸ್ ಸ್ಥಾಪನೆಯಾಗಿತ್ತು.

1953ರಲ್ಲಿ ಟ್ಯಾರಿಫ್ ಆಯೋಗದ ಶಿಫಾರಸಿನಂತೆ, ಇಲ್ಲೇ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳಿಗೆ ಜಾಗ ಇಲ್ಲವಾಯಿತು. 1928ರಿಂದ ಮುಂಬೈಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟರ್ಸ್ 1954ರಲ್ಲಿ ಗಂಟುಮೂಟೆ ಕಟ್ಟಿತು. ಉಳಿದದ್ದು ಮುಖ್ಯವಾಗಿ ಮೂರು ಕಾರು: ಕೋಲ್ಕತ್ತದ ಬಳಿಯ ಉತ್ತರಪಾರಾದ ಅಂಬಾಸಿಡರ್, ಮುಂಬೈಯ ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್. ಎಷ್ಟು ಕಾರು ತಯಾರಿಸಬೇಕೆಂಬುದಕ್ಕೆ ಲೈಸೆನ್ಸು, ಎಷ್ಟಕ್ಕೆ ಮಾರಬೇಕೆಂಬುದಕ್ಕೆ ಸರ್ಕಾರದ ಕಟ್ಟಳೆ. ಕಾರಿನ ನ್ಯಾಯಬೆಲೆ ಎಷ್ಟು ಎಂಬ ವ್ಯಾಜ್ಯ 1970ರ ದಶಕದ ಆರಂಭದಲ್ಲಿ ಸುಪ್ರೀಂ ಕೋರ್ಟಿನ ಕಟ್ಟೆಯನ್ನೂ ಹತ್ತಿತು. ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದು ಮಾಮೂಲಾಗಿತ್ತು. ಕೈಗೆ ಬಂದ ಕಾರನ್ನು ಮಾರುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ.

ಅಂಥಲ್ಲಿ ಎಂಜಿನ್ ಸವೆದರೆ ಮಾಲೀಕನಿಗೆ ಇದ್ದ ದಾರಿ ಒಂದೇ. ಹೊಸ ಕಾರು ಮೂರು ವರ್ಷದ ಮೇಲೆ; ಲೇತ್ ಅಂಗಡಿ ಪಕ್ಕದ ಬೀದಿಯಲ್ಲಿ. ಮೂವತ್ತು ವರ್ಷ ಓಡಿದ ಕಾರಿನ ಎಂಜಿನ್ ಮೂರು ಸಲವೋ ನಾಲ್ಕು ಸಲವೋ ಇಳಿದು ಹತ್ತಿರುತ್ತಿತ್ತು.

ಬಿಡಿಭಾಗಗಳ ಬೀದಿ

ದೇಶಿ ತಯಾರಿಕೆಯ ಹಟ ಇನ್ನೊಂದನ್ನೂ ಕಟ್ಟಿತು. ಮದ್ರಾಸಿನಲ್ಲಿ 1949ರಲ್ಲಿ ಇಂಡಿಯಾ ಪಿಸ್ಟನ್ಸ್ ಹುಟ್ಟಿತು. ಬೆಂಗಳೂರಿನ ಆಡುಗೋಡಿಯಲ್ಲಿ 1951ರಲ್ಲಿ ಶುರುವಾದ ಮೈಕೋ ಸ್ಪಾರ್ಕ್ ಪ್ಲಗ್ ಕೊಟ್ಟಿತು. ಯಲಹಂಕದ ಗೋಟ್ಜೆ ಕಾರ್ಖಾನೆಯಿಂದ ಪಿಸ್ಟನ್ ರಿಂಗ್ ಬಂದವು. ಇವನ್ನೆಲ್ಲ ಕೂರಿಸಲು ಬೇಕಾದ ಲೋಹ ಕಡೆಯುವ ಯಂತ್ರಗಳಲ್ಲೂ ಹಲವು ಕನ್ನಡ ನಾಡಿನವೇ: ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್, ಬೆಂಗಳೂರಿನ ಎಚ್‌ಎಂಟಿ ಲೇತ್. ದೇಶದ ಎಷ್ಟೋ ಲೇತ್ ಅಂಗಡಿಗಳಿಗೆ ಕಾಲಿಟ್ಟರೆ ಈ ಎರಡರಲ್ಲೊಂದು ಹೆಸರು ಎರಕದಲ್ಲಿ ಉಬ್ಬಿ ಕಾಣುತ್ತಿತ್ತು.

ಪ್ರತಿ ಮಹಾನಗರಕ್ಕೂ ಒಂದು ಬಿಡಿಭಾಗಗಳ ಪೇಟೆ ಬೆಳೆಯಿತು. ಮುಂಬೈಯಲ್ಲಿ ಕುರ್ಲಾ, ಚೆನ್ನೈಯಲ್ಲಿ ಪುದುಪೇಟೆ, ಸಿಕಂದರಾಬಾದಿನಲ್ಲಿ ರಾಣಿಗಂಜ್, ದೆಹಲಿಯಲ್ಲಿ ಕಾಶ್ಮೀರಿ ಗೇಟ್ ಮತ್ತು ಮಾಯಾಪುರಿ, ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ. ಹೊಸದು, ಹಳೆಯದು, ಕಂಪನಿಯದು, ನಕಲಿ ಎಲ್ಲವೂ ಅಕ್ಕಪಕ್ಕ. ಮುಂಬೈ, ಪುಣೆಗಳಲ್ಲಿ 1950ರ ದಶಕದ ಗುಂಡನೆಯ ಫಿಯಟ್ಟಿಗೆ ‘ಡುಕ್ಕರ್’ ಎಂದರೆ ಹಂದಿ ಎಂಬ ಅಡ್ಡಹೆಸರಿತ್ತು. ‘ಡುಕ್ಕರ್‌ದು ಗ್ಯಾಸ್ಕೆಟ್ ಕೊಡು’ ಎಂದರೆ ಅಂಗಡಿಯವನಿಗೆ ಮಾಡೆಲ್ಲಿನ ವರ್ಷ ಹೇಳಬೇಕಿರಲಿಲ್ಲ.

ಅಗ್ಗವಾಗಿಟ್ಟವರು ಟ್ಯಾಕ್ಸಿಯವರು

ಇಷ್ಟೆಲ್ಲ ಪೇಟೆ, ಲೇತು, ಪಿಸ್ಟನ್ ಕಾರ್ಖಾನೆ ನಡೆದದ್ದು ಯಾರ ದುಡ್ಡಿನಲ್ಲಿ? ಖಾಸಗಿ ಕಾರಿನವರ ದುಡ್ಡಿನಲ್ಲಿ ಮಾತ್ರ ಇಷ್ಟು ನಡೆಯುತ್ತಿರಲಿಲ್ಲ. ಒಂದು ಸರಳ ಲೆಕ್ಕ ಹಾಕಬಹುದು. ದಿನಕ್ಕೆ 100 ಕಿಲೋಮೀಟರ್ ಓಡುವ ಟ್ಯಾಕ್ಸಿ ವರ್ಷದಲ್ಲಿ 300 ದಿನ ದುಡಿದರೆ 30 ಸಾವಿರ ಕಿಲೋಮೀಟರ್. ವಾರಕ್ಕೊಮ್ಮೆ 20 ಕಿಲೋಮೀಟರ್ ಸುತ್ತುವ ಮನೆಯ ಕಾರು ವರ್ಷಕ್ಕೆ ಸಾವಿರ ಚಿಲ್ಲರೆ. ಸವೆತದ ಲೆಕ್ಕದಲ್ಲಿ ಒಂದು ಟ್ಯಾಕ್ಸಿ ಸುಮಾರು ಮೂವತ್ತು ಮನೆಕಾರುಗಳಿಗೆ ಸಮ.

ಇದನ್ನೇ ರಿಂಗಿನ ಲೆಕ್ಕಕ್ಕೆ ತಿರುಗಿಸೋಣ. ಹತ್ತು ಸಾವಿರ ಟ್ಯಾಕ್ಸಿಗಳು ಎರಡು ವರ್ಷಕ್ಕೊಮ್ಮೆ ರಿಂಗ್ ಬದಲಿಸಿದರೆ ವರ್ಷಕ್ಕೆ 5,000 ಸೆಟ್ ಬೇಕು. ಸಾವಿರ ಮಂದಿ ಹವ್ಯಾಸಿಗಳು ಇಪ್ಪತ್ತು ವರ್ಷಕ್ಕೊಮ್ಮೆ ಬದಲಿಸಿದರೆ ಬೇಕಾಗುವುದು 50 ಸೆಟ್. ಮೊದಲಿನ ಸಂಖ್ಯೆಗೆ ಕಾರ್ಖಾನೆ ಸಾಲಾಗಿ ಎರಕ ಹೊಯ್ಯುತ್ತದೆ, ಅಂಗಡಿಯವನು ಎಲ್ಲ ಅಳತೆಗಳನ್ನೂ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾನೆ, ಲೇತಿನವನ ಕೈ ಒಂದೇ ಬ್ಲಾಕಿನ ಮೇಲೆ ಪಳಗುತ್ತದೆ. ಎರಡನೆಯ ಸಂಖ್ಯೆಗೆ ಯಾರೂ ಅಚ್ಚನ್ನೂ ಕೆಳಗಿಳಿಸುವುದಿಲ್ಲ. ಈ ಅಂಕಿಗಳು ಕೇವಲ ಉದಾಹರಣೆ; ಆದರೆ ಎರಡರ ನಡುವಿನ ಅಂತರ ಉತ್ಪ್ರೇಕ್ಷೆಯಲ್ಲ. ಮುಂಬೈಯಲ್ಲಿ ಹತ್ತಾರು ಸಾವಿರ ಪದ್ಮಿನಿಗಳು ಒಂದೇ ಎಂಜಿನ್ ಹೊತ್ತು ಓಡುತ್ತಿದ್ದವು.

ಹೊಟ್ಟೆಪಾಡಿಗಾಗಿ ಎಂಜಿನ್ ಕಟ್ಟಿಸುತ್ತಿದ್ದ ಚಾಲಕ ಪೈಸೆ ಪೈಸೆಗೂ ಚೌಕಾಸಿ ಮಾಡುತ್ತಿದ್ದ. ಗಾಡಿ ಒಂದು ದಿನ ಹೆಚ್ಚು ನಿಂತರೆ ಮನೆಯ ಒಲೆಗೆ ಪೆಟ್ಟು. ಹಾಗಾಗಿ ಕೆಲಸ ಬೇಗವೂ ಆಗಬೇಕಿತ್ತು, ಅಗ್ಗವೂ ಆಗಬೇಕಿತ್ತು. ಅವನು ಜಗ್ಗಾಡಿ ಇಳಿಸಿದ ದರದಲ್ಲೇ ಮಲಬಾರ್ ಹಿಲ್‌ನ ವಕೀಲರ ಕಾರಿನ ಎಂಜಿನ್ನೂ ಎದ್ದು ಕೂರುತ್ತಿತ್ತು. ಹಳೆಯ ಕಾರಿನ ಹವ್ಯಾಸದ ಖರ್ಚಿನಲ್ಲಿ ಒಂದು ಪಾಲನ್ನು ದಶಕಗಳ ಕಾಲ ಭರಿಸಿದವರು ಟ್ಯಾಕ್ಸಿ ಚಾಲಕರು. ಆ ಮಾತು ಯಾವ ವಿಂಟೇಜ್ ರ‍್ಯಾಲಿಯ ವೇದಿಕೆಯಲ್ಲೂ ಕೇಳಿಬರುವುದು ಅಪರೂಪ.

ಬಿಲ್ಲು ಉದ್ದವಾದ ಬಗೆ

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಗ್ರಾಹಕರ ಕೈ ಸೇರಿತು. ಬೆಲೆ ಸುಮಾರು 50 ಸಾವಿರ ರೂಪಾಯಿ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕಾಯುವ ಪಟ್ಟಿಗಳು ಕರಗಿದವು, ಕಾರಿಗೆ ಬ್ಯಾಂಕ್ ಸಾಲ ಬಾಗಿಲಿಗೇ ಬಂತು. ಹಳೆಯ ಎಂಜಿನ್ ಕಟ್ಟಿಸುವ ಹಣವನ್ನೇ ಹೊಸ ಕಾರಿನ ಮುಂಗಡಕ್ಕೆ ಕಟ್ಟಬಹುದಾಯಿತು. ಪದ್ಮಿನಿಯ ತಯಾರಿಕೆ ಹೊಸ ಶತಮಾನದ ಹೊಸ್ತಿಲಲ್ಲಿ ನಿಂತಿತು, ಅಂಬಾಸಿಡರ್‌ನದು 2014ರ ಮೇ ತಿಂಗಳಲ್ಲಿ.

ಇಂಧನವೂ ಬಿಲ್ಲಿಗೆ ಸಾಲುಗಳನ್ನು ಸೇರಿಸಿತು. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ಗಾಳಿಗೆ ವಿಷವಾಗಿದ್ದರೂ ವಾಲ್ವ್ ಕೂರುವ ಜಾಗಕ್ಕೆ ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲ್ ಬಂತು, 2000ದ ಫೆಬ್ರವರಿಯಿಂದ ದೇಶದೆಲ್ಲೆಡೆ ಅದೊಂದೇ. ಮಕ್ಕಳ ಮಿದುಳಿನ ದೃಷ್ಟಿಯಿಂದ ಇದು ಆಗಲೇಬೇಕಿದ್ದ ಬದಲಾವಣೆ. ಹಳೆಯ ಹೆಡ್ಡುಗಳಿಗೆ ಮಾತ್ರ ಗಟ್ಟಿ ಉಕ್ಕಿನ ಸೀಟು ಕೂರಿಸುವ ಕೆಲಸ ಹೊಸದಾಗಿ ಸೇರಿಕೊಂಡಿತು. ಟ್ಯಾಕ್ಸಿಗಳು ಸಿಎನ್‌ಜಿಗೆ ತಿರುಗಿದಾಗ ಆ ಒಣ ಇಂಧನ ವಾಲ್ವ್ ಸೀಟುಗಳನ್ನು ಇನ್ನಷ್ಟು ತಿಂದಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲ ಬಂಕುಗಳಿಗೂ ಬಂದಿದೆ. ಹಳೆಯ ಕಾರುಗಳ ರಬ್ಬರ್ ಪೈಪು, ಪಂಪಿನೊಳಗಿನ ಪದರ, ಕಾರ್ಬ್ಯುರೇಟರಿನ ಸೀಲುಗಳನ್ನು ಎಥನಾಲ್ ಕೆಡಿಸುತ್ತದೆ. ಕಾರ್ಬ್ಯುರೇಟರ್ ತಾನಾಗಿ ಹೊಂದಿಕೊಳ್ಳುವುದಿಲ್ಲವಾದ್ದರಿಂದ ಮಿಶ್ರಣ ತೆಳ್ಳಗಾಗಿ ಎಂಜಿನ್ ಬಿಸಿಯೂ ಏರುತ್ತದೆ.

ಟ್ಯಾಕ್ಸಿಗಳ ಆಯುಷ್ಯವನ್ನು ಮಹಾರಾಷ್ಟ್ರ 2008ರಲ್ಲಿ 25 ವರ್ಷಕ್ಕೆ, 2013ರಲ್ಲಿ 20 ವರ್ಷಕ್ಕೆ ಇಳಿಸಿತು. ಒಂದೊಂದು ತಂಡ ಟ್ಯಾಕ್ಸಿ ಗುಜರಿಗೆ ಹೋದಾಗಲೂ ಮೊದಮೊದಲು ಬಿಡಿಭಾಗಗಳು ಇನ್ನೂ ಅಗ್ಗವಾದವು, ರಾಶಿ ರಾಶಿ ಎಂಜಿನ್ನುಗಳು ಪೇಟೆಗೆ ಬಿದ್ದವು. ರಾಶಿ ಕರಗಿದ ಮೇಲೆ ತುಂಬುವವರು ಇರಲಿಲ್ಲ.

ಎಸೆದ ಎಂಜಿನ್ನಿನ ಬೆಲೆ

ಇದೇ ಹೊತ್ತಿಗೆ ಕಾನೂನಿನ ದೃಷ್ಟಿಯೂ ಬದಲಾಯಿತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು. ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ರ‍್ಯಾಲಿ, ಪ್ರದರ್ಶನ, ಇಂಧನ ಹಾಗೂ ದುರಸ್ತಿಗಾಗಿ ಓಡಿಸಬಹುದು, ದಿನಬಳಕೆಗಿಲ್ಲ.

ಇಲ್ಲೊಂದು ವ್ಯಂಗ್ಯವಿದೆ. ಹಿಂದೆ ದೊಡ್ಡ ಅಮೆರಿಕನ್ ಕಾರುಗಳ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸುವುದು ಬುದ್ಧಿವಂತಿಕೆಯ ಕೆಲಸವಾಗಿತ್ತು. ಕಿತ್ತದ್ದು ತೂಕಕ್ಕೆ ಹೋಗುತ್ತಿತ್ತು. ಆ ಕಾರುಗಳಿಗೆ ಇಂದು ಬೆಲೆ ಬರಬೇಕೆಂದರೆ ಬೇಕಾದದ್ದು ಅಂದು ತೂಕಕ್ಕೆ ಹಾಕಿದ ಅದೇ ಎಂಜಿನ್. ಎಂಜಿನ್ ಬದಲಿಸುವ ಅಗ್ಗದ ದಾರಿ ಮುಚ್ಚಿರುವುದರಿಂದ, ಇರುವುದನ್ನೇ ಎಷ್ಟೇ ಖರ್ಚಾದರೂ ಕಟ್ಟಬೇಕು.

ಪದ್ಮಿನಿ, ಅಂಬಾಸಿಡರ್‌ಗಳ ಪಾಡು ಇನ್ನೂ ಇಕ್ಕಟ್ಟಿನದು. 1990ರ ಪದ್ಮಿನಿಗೆ 50 ತುಂಬಲು 2040 ಬರಬೇಕು. ಅಲ್ಲಿಯವರೆಗೆ ಅದು ವಿಂಟೇಜ್ ಅಲ್ಲ, ಬರೀ ಹಳೆಯ ಗಾಡಿ. ದೆಹಲಿ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್ ಕಾರು ಓಡಿಸಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದರ ಜಾರಿಯ ಹಗ್ಗಜಗ್ಗಾಟ ಆಮೇಲೂ ನಡೆದಿದೆ. ಬೇರೆ ಕಡೆ ನವೀಕರಣ ಸಾಧ್ಯ, ಆದರೆ 2022ರ ಏಪ್ರಿಲ್‌ನಿಂದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಶ್ರೀಮಂತರ ಗ್ಯಾರೇಜಿನ 1930ರ ಕಾರಿಗೆ ಕಾನೂನಿನ ರಕ್ಷಣೆ ಇದೆ. ಜನರು ನಿಜವಾಗಿ ಬಳಸಿ ಬಾಳಿಸಿದ ಕಾರು ಎರಡು ನಿಯಮಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಅದರ ಎಂಜಿನ್ನಿಗೆ ಹಣ ಹಾಕುವವನು ನಾಳೆ ಅದನ್ನು ರಸ್ತೆಗಿಳಿಸಬಹುದೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೈಯ ಬೆಲೆ

ಪಿಸ್ಟನ್ ಇಂದಿಗೂ ಮಾಡಿಸಬಹುದು. ಅಳತೆ ಕೊಟ್ಟರೆ ಕಂಪ್ಯೂಟರ್ ನಡೆಸುವ ಯಂತ್ರ ನಾಲ್ಕೇ ಪಿಸ್ಟನ್ ಕಡೆದುಕೊಡುತ್ತದೆ, ನಾಲ್ಕಕ್ಕೆ ತಕ್ಕ ದರದಲ್ಲಿ. ಕಷ್ಟ ಇರುವುದು ಆ ಅಳತೆಯನ್ನು ನಂಬುವಂತೆ ತೆಗೆಯುವ, ಪಿಸ್ಟನ್ನಿಗೂ ಗೋಡೆಗೂ ಎಷ್ಟು ಸಂದು ಬಿಡಬೇಕೆಂದು ಬಲ್ಲ ಕೈಗಳಲ್ಲಿ. ಈ ವಿದ್ಯೆ ಹೆಚ್ಚಾಗಿ ಬಂದದ್ದು ಗ್ಯಾರೇಜಿನಲ್ಲಿ ಚಹಾ ತಂದುಕೊಡುತ್ತ, ನಟ್ಟು ತೊಳೆಯುತ್ತ ಶುರು ಮಾಡಿದ ಹುಡುಗರಿಗೆ. ದಿನಕ್ಕೆ ಎರಡು ಬ್ಲಾಕ್ ಬರುತ್ತಿದ್ದ ಅಂಗಡಿಯಲ್ಲಿ ಹುಡುಗ ಎರಡು ವರ್ಷದಲ್ಲಿ ಮೇಸ್ತ್ರಿಯಾಗುತ್ತಿದ್ದ. ತಿಂಗಳಿಗೊಂದು ಬಂದರೆ ಕಲಿಯುವುದು ಯಾವಾಗ? ಈಗಿನ ಎಷ್ಟೋ ಎಂಜಿನ್ನುಗಳ ಅಲ್ಯುಮಿನಿಯಂ ಬ್ಲಾಕಿನಲ್ಲಿ ತೆಳು ಗೋಡೆ, ವಿಶೇಷ ಲೇಪ. ದೊಡ್ಡ ಅಳತೆಯ ಪಿಸ್ಟನ್ನನ್ನು ಕಂಪನಿಯೇ ಕೊಡುವುದಿಲ್ಲ, ಅರ್ಧ ಎಂಜಿನ್ನನ್ನೇ ಬದಲಿಸು ಎನ್ನುತ್ತದೆ. ಹೀಗಾಗಿ ಹೊಸ ಕಾರುಗಳಿಂದಲೂ ಲೇತ್ ಅಂಗಡಿಗೆ ಕೆಲಸ ಬರುವುದಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆದು ಅದರಲ್ಲಿ ಮೋಟಾರು ವಾಹನಗಳನ್ನೂ ಸೇರಿಸಿತು. ಹಕ್ಕು ಕಾಗದದ ಮೇಲೆ ಬಂದಿದೆ. ದುರಸ್ತಿ ಮಾಡುವ ಕೈಗಳನ್ನು ಉಳಿಸುವ ಏರ್ಪಾಟು ಅದರಲ್ಲಿಲ್ಲ.

ಮನೆಯ ಮುಂದೆ ಪದ್ಮಿನಿಯೋ ಅಂಬಾಸಿಡರೋ ಇರುವವರು ಎಂಜಿನ್ ಇಳಿಸುವ ಮೊದಲು ಒಂದು ಕೆಲಸ ಮಾಡಬಹುದು. ಹೆಡ್ ಬಿಚ್ಚಿದೊಡನೆ ಪಿಸ್ಟನ್ನಿನ ನೆತ್ತಿಯ ಮಸಿ ಒರೆಸಿ ನೋಡಬೇಕು. ದೊಡ್ಡ ಅಳತೆಯದಾದರೆ ಎಷ್ಟು ದೊಡ್ಡದೆಂಬ ಅಂಕಿ ಸಾಮಾನ್ಯವಾಗಿ ಅಲ್ಲಿ ಒತ್ತಿರುತ್ತದೆ; ಬೇರಿಂಗಿನ ಬೆನ್ನ ಮೇಲೂ ಹಾಗೆಯೇ. ಆ ಎಂಜಿನ್ ಹಿಂದೆ ಎಷ್ಟು ಸಲ ಇಳಿದಿದೆ, ಇನ್ನೆಷ್ಟು ಮೆಟ್ಟಿಲು ಬಾಕಿ ಇದೆ ಎಂಬುದು ಅದರಿಂದ ತಿಳಿಯುತ್ತದೆ. ಮುಂದಿನ ಮೆಟ್ಟಿಲಿನ ಪಿಸ್ಟನ್ ಕೈಗೆ ಸಿಕ್ಕ ಮೇಲೆಯೇ ಬ್ಲಾಕನ್ನು ಲೇತಿಗೆ ಕಳಿಸುವುದು ಕ್ಷೇಮ. ಮೊದಲು ಬೋರ್ ಮಾಡಿಸಿ ಆಮೇಲೆ ಪೇಟೆಗೆ ಹೋಗುವ ಪದ್ಧತಿ, ಕಪಾಟಿನಲ್ಲಿ ಎಲ್ಲ ಅಳತೆಗಳೂ ಇರುತ್ತಿದ್ದ ಕಾಲದ್ದು.